ಸ್ಟೆಲ್ತ್‌ಗೆ ಒಂದೇ ದಾಳ, ಎರಡನೇದು ಕೇಳಿದ್ರೆ ಜಗಳ

ನಮಸ್ಕಾರ, ಬನ್ನಿ. ಇವತ್ತು ಡಿ ಅಂಡ್ ಡಿ, ಅಂದ್ರೆ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ದಾಳ ಹಾಕಿ ಪಾತ್ರ ವಹಿಸಿ ಆಡೋ ಆಟದ ವಿಷ್ಯ. ರೋಗ್ ಅಂದ್ರೆ ಅದರಲ್ಲಿ ಕಳ್ಳರ ಪಾತ್ರ, ಸ್ಟೆಲ್ತ್ ಅಂದ್ರೆ ಕಣ್ಣಿಗೆ ಬೀಳದೇ ನುಸುಳೋದು. ಕಳೆದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ, ಓದ್ತೀನಿ ಕೇಳಿ: "ನಮ್ಮ ಟೇಬಲ್‌ನಲ್ಲಿ ರೋಗ್ ಪ್ರತಿ ಮೂವತ್ತು ಅಡಿಗೂ ಸ್ಟೆಲ್ತ್ ರೋಲ್ ಮಾಡ್ಬೇಕು. ಅದೇ ರಿಯಲಿಸ್ಟಿಕ್."

ಪ್ರತಿ ಮೂವತ್ತು ಅಡಿಗೆ! ಮೆಟ್ರೋ ಪಿಲ್ಲರ್ ಎಣಿಸ್ತಿದ್ದೀರಾ ಸ್ವಾಮಿ?

ನಾನು ಹೇಳೋದು ಒಂದೇ ಮಾತು. ಬಚ್ಚಿಟ್ಕೊಳ್ಳೋಕೆ ದಾಳ ಒಂದೇ ಸಲ. ಬಿದ್ದಿದ್ದು ಬಿತ್ತು. ಪರಿಸ್ಥಿತಿ ಬದಲಾಗೋವರೆಗೂ ಅದೇ ಸಂಖ್ಯೆ. ಮುಗೀತು.

ಈಗ ನೋಡಿ, ಡಿ ಅಂಡ್ ಡಿ ಟೇಬಲ್. ಕೋಟೆಯ ಅಡುಗೆಮನೆ ಹಿಂದಿನ ಓಣಿ. ಒಬ್ಬ ಪಹರೆಯವನು, ಕೈಯಲ್ಲಿ ಲಾಂದ್ರ. ರೋಗ್ ಆಡ್ತಿರೋ ಹುಡುಗಿ ಚೆನ್ನಾಗಿ ಯೋಚ್ನೆ ಮಾಡಿ ಹೇಳ್ತಾಳೆ: "ಪೀಪಾಯಿ ಹಿಂದೆ ಕೂತಿರ್ತೀನಿ. ಅವನು ಎಣ್ಣೆ ಹಾಕೋಕೆ ಬಗ್ಗಿದ ತಕ್ಷಣ ದಾಟ್ತೀನಿ." ಇಪ್ಪತ್ತು ಮುಖದ ದಾಳ ಹಾಕಿದ್ಲು, 17. ಅವಳ ಸ್ಟೆಲ್ತ್ ಕೌಶಲ್ಯದ +8 ಸೇರಿ 25. ಟೇಬಲ್ ಪೂರ್ತಿ ಚಪ್ಪಾಳೆ. ಡಿಎಂ, ಅಂದ್ರೆ ಆಟ ನಡೆಸೋನು, ಸ್ಕ್ರೀನ್ ಹಿಂದಿಂದ ತಲೆ ಎತ್ತಿ, "ಸರಿ, ಬಾಗಿಲವರೆಗೂ ಬಂದೆ. ಈಗ ಇನ್ನೊಂದು ಹಾಕು" ಅಂತಾನೆ.

ಯಾಕೆ? ಯಾಕಪ್ಪಾ? ಪಹರೆಯವನು ಅವನೇ, ಕತ್ತಲೆ ಅದೇ. ಬದಲಾಗಿದ್ದು ನಿನ್ನ ಹೊಟ್ಟೆಕಿಚ್ಚು ಒಂದೇ!

ಲೆಕ್ಕ ಹಾಕೋಣ, ನೀವೇ ರಿಯಲಿಸ್ಟಿಕ್ ಅಂದ್ರಲ್ಲ. 2014ರ ನಿಯಮಪುಸ್ತಕದಲ್ಲಿ ಸಾಮಾನ್ಯ ಗಾರ್ಡ್‌ನ ಪ್ಯಾಸಿವ್ ಪರ್ಸೆಪ್ಶನ್, ಅಂದ್ರೆ ದಾಳ ಹಾಕದೇ ಗಮನಿಸೋ ಶಕ್ತಿ, 12. +8 ಇರೋ ರೋಗ್ ಅದನ್ನ ಮೀರೋಕೆ ದಾಳದಲ್ಲಿ 5 ಬಂದ್ರೆ ಸಾಕು. ಅಂದ್ರೆ 80%. ಅದ್ಭುತ ಕಳ್ಳಿ! ಅವಳ ಕೈಯಲ್ಲೇ ಮೂರು ಸಲ ಹಾಕಿಸಿ, ಮೂರೂ ಗೆಲ್ಲೋ ಸಾಧ್ಯತೆ 51%. ಆರು ಸಲ ಹಾಕಿಸಿ, 26%. ಆ ಹುಡುಗಿ ಕಷ್ಟಪಟ್ಟು ಕಟ್ಟಿದ ಪಾತ್ರಾನ ನಿಮ್ಮ ಓಣಿ ಉದ್ದ ಮಾಡಿಯೇ ಸಾಯಿಸಿಬಿಟ್ರಿ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ ಕಾಯ್ತಾ ಕೂತಿರೋ ಡಿಎಂ ನೀವು. ಸೋಲೋವರೆಗೂ ದಾಳ ಹಾಕಿಸ್ತೀರಿ, ಸೋತ ಮೇಲೆ ಒಂದೇ ಸಲಕ್ಕೆ ಒಪ್ಕೊಳ್ತೀರಿ. ಸೋತಾಗ ಯಾಕೆ ಇನ್ನೊಂದು ದಾಳ ಕೊಡಲ್ಲ? ಹಾಂ?

ಇಲ್ಲೊಂದು ನಿಮಿಷ. ಇಷ್ಟು ಕೇಳಿ ತಲೆ ಆಡಿಸ್ತಿದ್ದೀರಲ್ಲ, ಹಾಗೇ ಬೆರಳೂ ಆಡಿಸಿ, ಸಬ್‌ಸ್ಕ್ರೈಬ್ ಒತ್ತಿ. ಕನ್ನಡದಲ್ಲಿ ಆಡೋರಿಗೆ ನಮ್ಮ ಡಿಸ್ಕಾರ್ಡ್ ಲಿಂಕ್ ಕೆಳಗಿದೆ. ಕ್ಯಾರೆಕ್ಟರ್ ಶೀಟ್ ಇಲ್ಲದೇ ಬರಬೇಡಿ ಅಷ್ಟೇ.

ಸರಿ. ಇದು ನಾನು ಕಂಡುಹಿಡಿದದ್ದಲ್ಲ. ಬರ್ನಿಂಗ್ ವೀಲ್ ಅನ್ನೋ ಗೇಮ್‌ನಲ್ಲಿ 'ಲೆಟ್ ಇಟ್ ರೈಡ್' ಅಂತಲೇ ನಿಯಮ ಇದೆ. ಒಂದು ಸಲ ಬಿದ್ದ ದಾಳ ಪರಿಸ್ಥಿತಿ ನಿಜವಾಗಿ ಬದಲಾಗೋವರೆಗೂ ನಿಲ್ಲತ್ತೆ. 2024ರ ಡಿ ಅಂಡ್ ಡಿ ತಗೊಳ್ಳಿ. ಶತ್ರುವಿನ ಕಣ್ಣಿಂದ ಮರೆಯಾಗಿ, ದಾಳದ ಒಟ್ಟು 15 ಮುಟ್ಟಿದ್ರೆ ಬಚ್ಚಿಟ್ಕೊಂಡಂಗೆ. ನಿಮ್ಮ ಒಟ್ಟು ಸಂಖ್ಯೆ ಬರೆದಿಟ್ಕೊಳ್ಳಿ, ಹುಡುಕೋನು ಅದನ್ನ ಮುಟ್ಟಬೇಕು ಅಂತ ಪುಸ್ತಕವೇ ಹೇಳತ್ತೆ. ಬರೆದಿಟ್ಕೊಳ್ಳಿ! ಮೂವತ್ತು ಅಡಿಗೊಂದ್ಸಲ ಅಳಿಸಿ ಬರೀರಿ ಅಂತ ಎಲ್ಲಿದೆ, ತೋರಿಸಿ. ಯಾವಾಗ ಮುಗಿಯತ್ತೆ ಅಂತಲೂ ಇದೆ: ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದ್ರೆ, ದಾಳಿ ಮಾಡಿದ್ರೆ, ಬಾಯಲ್ಲಿ ಮಂತ್ರ ಹೇಳಿದ್ರೆ, ಇಲ್ಲಾ ಶತ್ರು ಕಂಡುಹಿಡಿದ್ರೆ. 'ಡಿಎಂಗೆ ಬೋರ್ ಆದ್ರೆ' ಅನ್ನೋದು ಆ ಪಟ್ಟಿಯಲ್ಲಿಲ್ಲ.

ಹಳೇ ಕಾಲವೇ ಚೆನ್ನಾಗಿತ್ತು ಅನ್ನೋರು ಇದ್ದೀರಿ, ಗೊತ್ತು. 1981ರ ಡಿ ಅಂಡ್ ಡಿ ಬೇಸಿಕ್ ಪುಸ್ತಕದಲ್ಲಿ ಮೊದಲ ಲೆವೆಲ್ ಕಳ್ಳ ನೆರಳಲ್ಲಿ ಅಡಗೋ ಸಾಧ್ಯತೆ 10%. ಹತ್ತೇ! ಅದನ್ನೂ ಡಿಎಂ ಗುಟ್ಟಾಗಿ ಹಾಕೋನು, ಕಳ್ಳನಿಗೆ ಮಾತ್ರ ತಾನು ಅಡಗಿದ್ದೀನಿ ಅಂತಲೇ ಅನ್ಸೋದು. ಪಾಪ, ಆ ಕಳ್ಳನಿಗೆ ನೀವು ಆರು ಸಲ ಹಾಕಿಸಿದ್ರೆ ಮನೆ ಬಾಗಿಲಲ್ಲೇ ಅರೆಸ್ಟ್.

"ಒಂದೇ ದಾಳಕ್ಕೆ ಇಡೀ ಕೋಟೆ ದಾಟಿಬಿಡ್ತಾರಲ್ಲ ಸಾರ್?" ದಾಟಲಿ ಬಿಡ್ರೀ! ಕೋಟೆ ನಿಮ್ಮಪ್ಪಂದಾ? ನಾಯಿ ಬಂತಾ, ಗಂಟೆ ಹೊಡೀತಾ, ರೋಗ್ ಬಿಸಿ ಪಾತ್ರೆ ಮೇಲೆ ಕೈ ಇಟ್ಲಾ, ಆಗ ಕೇಳಿ ಹೊಸ ದಾಳ. ಕಥೆಯಲ್ಲಿ ಏನಾದ್ರೂ ಆಗ್ಲಿ ಮೊದಲು. ಏನೂ ಆಗದೇ ದಾಳ ಕೇಳೋದು ದರೋಡೆ.

"ಪಾಸ್ ವಿತೌಟ್ ಟ್ರೇಸ್ ಮಂತ್ರ ಹಾಕಿದ್ರೆ ಸ್ಟೆಲ್ತ್‌ಗೆ +10 ಸಿಗತ್ತೆ, ಅಷ್ಟು ಸಲ ಹಾಕಿಸಿದ್ರೇನು?" ಅಯ್ಯೋ ದೇವ್ರೇ. ಡಿಎಂ ತಪ್ಪಿಗೆ ಆ ಮಂತ್ರ ಹಾಕೋ ಡ್ರೂಯಿಡ್ ದಂಡ ಕಟ್ಟಬೇಕಾ?

"ಗುಂಪಲ್ಲಿ ಪ್ಯಾಲಡಿನ್ ಅನ್ನೋ ಯೋಧ ಇದ್ದಾನಲ್ಲ, ಅವನೇನು ಮಾಡ್ಬೇಕು?" ಹೌದು, 1500 ಚಿನ್ನದ ನಾಣ್ಯ ಕೊಟ್ಟು ಪ್ಲೇಟ್ ಆರ್ಮರ್ ಹಾಕಿರೋ ಪುಣ್ಯಾತ್ಮ, ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್, ಅಂದ್ರೆ ಎರಡು ದಾಳ ಹಾಕಿ ಕಡಿಮೆದು ತಗೋಬೇಕು. ಅದಕ್ಕೇ ಗ್ರೂಪ್ ಚೆಕ್ ಇರೋದು. ನಾಲ್ವರಲ್ಲಿ ಇಬ್ಬರು ಗೆದ್ರೆ ಗುಂಪೇ ಗೆದ್ದಂಗೆ. ಎಲ್ಲರೂ ಒಂದು ಸಲ ಹಾಕಿ. ಒಂದು ಸಲ. ಒಂದು.

ಇನ್ನೊಂದು ಪಾಯಿಂಟ್ ಬರ್ಕೊಂಡಿದ್ದೆ... 'ಗಾರ್ಡ್ ಮನಸ್ಥಿತಿ' ಅಂತಿದೆ. ಏನಂತ ನೆನಪಾಗ್ತಿಲ್ಲ. ಅದರ ಕೆಳಗೆ 'ಪಾತ್‌ಫೈಂಡರ್' ಅಂತಿದೆ. ಹಾಂ, ಇಂಥದ್ದೇ ಇನ್ನೊಂದು ಗೇಮ್, ಅದರ ಎರಡನೇ ಆವೃತ್ತಿಯಲ್ಲಿ ಅಬ್ಸರ್ವ್ಡ್, ಹಿಡನ್, ಅನ್‌ಡಿಟೆಕ್ಟೆಡ್, ಅನ್‌ನೋಟೀಸ್ಡ್ ಅಂತ, ಎದುರಾಳಿಗೆ ನೀವು ಎಷ್ಟು ಗೊತ್ತಾಗಿದ್ದೀರಿ ಅನ್ನೋಕೆ ನಾಲ್ಕು ಸ್ಥಿತಿ ಇದೆ, ಬಹಳ ಅಚ್ಚುಕಟ್ಟು, ಅದಕ್ಕೆ ಬೇರೆ ವಿಡಿಯೋ ಮಾಡ್ತೀನಿ, ಈಗ ಬೇಡ. ಈಗ ಕೋಪ ಬಂದಿದೆ.

ಒಂದೇ ದಾಳ ಕಣ್ರೀ! ಎಷ್ಟು ಸಲ ಹೇಳ್ಲಿ? ಕೆಳಗೆ ಬಂದು 'ಆದ್ರೆ ಸಾರ್' ಅಂತ ಶುರು ಮಾಡೋರೆಲ್ಲ ಮೊದಲು ಒಂದು ಪರ್ಸೆಪ್ಶನ್ ರೋಲ್ ಹಾಕಿ, ನಾನು ಹೇಳಿದ್ದು ಕೇಳಿಸ್ತಾ ಅಂತ. ಮೆಂಬರ್‌ಗಳಿಗೆ ಅಡ್ವಾಂಟೇಜ್ ಕೊಡ್ತೀನಿ.

ಶನಿವಾರ ರಾತ್ರಿ ಲೈವ್ ಗೇಮ್ ಇದೆ, ಪೂರ್ತಿ ಕಳ್ಳತನದ್ದೇ. ಎಷ್ಟು ಸಲ ದಾಳ ಕೇಳ್ತೀನಿ, ಬಂದು ಎಣಿಸಿ.