ಗೆಲ್ಲೋಕೇ ಆಗದ ಆಟವನ್ನ ಯಾಕೆ ಆಡ್ತಾರೆ?

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡ್ಬೇಕು ಅಂದ್ಕೊಂಡಿರೋದು ಹಳೇ ಆರ್ಕೇಡ್ ಗೇಮ್‌ಗಳನ್ನ, ಅಂದ್ರೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡ್ತಿದ್ದ ಮಷಿನ್ ಗೇಮ್‌ಗಳನ್ನ, ಆಡೋರ ಬಗ್ಗೆ. 1978ರಿಂದ 1984ರ ಆಸುಪಾಸಿನ ತನಕ ಬಂದ ಸ್ಪೇಸ್ ಇನ್ವೇಡರ್ಸ್, ಆಸ್ಟರಾಯ್ಡ್ಸ್, ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್, ಗ್ಯಾಲಗ ಇಂಥವು. ನಲವತ್ತು ವರ್ಷ ದಾಟಿದ ಈ ಆಟಗಳನ್ನ ಇವತ್ತಿಗೂ ಹಠ ಹಿಡಿದು ಆಡೋರಿದ್ದಾರೆ, ಯಾಕೆ ಅಂತ ಕೇಳಿದ್ರೆ ತಕ್ಷಣ ಬರೋ ಉತ್ತರ ಬಾಲ್ಯದ ನೆನಪು ಅಂತ. ನನಗೆ ಆ ಉತ್ತರ ಸಾಲಲ್ಲ. ನೆನಪು ಯಾರನ್ನಾದ್ರೂ ಒಂದು ಸಂಜೆ ಆಡಿಸುತ್ತೆ, ವರ್ಷಗಟ್ಟಲೆ ಒಂದೇ ಗೇಮ್ ಆಡಿಸೋದು ಅದರ ಕೈಲಾಗಲ್ಲ, ಅದೂ ಅಲ್ದೆ ಈ ಮಷಿನ್‌ಗಳೆಲ್ಲ ಮೂಲೆ ಸೇರಿದ ಮೇಲೆ ಹುಟ್ಟಿದೋರೂ ಆಡ್ತಿದ್ದಾರಲ್ಲ, ಅವರಿಗೆ ಯಾವ ನೆನಪು?

ಮೊದಲು ಒಂದು ಮಾತು. ಈ ಆಟಗಳಲ್ಲಿ ಬಹುಪಾಲಿಗೆ ಗೆಲುವು ಅನ್ನೋದೇ ಇಲ್ಲ. ಮಷಿನ್ ಇಟ್ಟೋರಿಗೆ ನಾಣ್ಯ ಬೀಳ್ತಾನೇ ಇರ್ಬೇಕು, ಹಾಗಾಗಿ ಆಟ ಹೋಗ್ತಾ ಹೋಗ್ತಾ ಕಷ್ಟ ಆಗ್ಬೇಕು, ಹೊಸಬರು ಕೆಲವೇ ನಿಮಿಷದಲ್ಲಿ ಔಟ್ ಆಗ್ಬೇಕು. ಎಷ್ಟು ಲೈಫ್ ಕೊಡೋದು, ಎಷ್ಟು ಪಾಯಿಂಟಿಗೆ ಇನ್ನೊಂದು ಲೈಫ್ ಕೊಡೋದು ಅನ್ನೋದನ್ನ ಎಷ್ಟೋ ಮಷಿನ್‌ಗಳಲ್ಲಿ ಒಳಗಿನ ಬೋರ್ಡ್ ಮೇಲಿರೋ ಪುಟ್ಟ ಸ್ವಿಚ್‌ಗಳಿಂದಾನೇ ಬದಲಾಯಿಸ್ಬಹುದಿತ್ತು. 1980ರ ಮಿಸೈಲ್ ಕಮಾಂಡ್‌ನಲ್ಲಿ ನೀವು ಕಾಪಾಡ್ತಿದ್ದ ನಗರಗಳೆಲ್ಲ ಹೋದ್ಮೇಲೆ ಪರದೆ ತುಂಬಾ ದಿ ಎಂಡ್ ಅಂತ ಬರುತ್ತೆ, ಅಷ್ಟೇ, ಎಷ್ಟೇ ಚೆನ್ನಾಗಿ ಆಡಿ ಕೊನೆಗೆ ಅದೇ. ಸೋಲು ಖಚಿತ ಅಂತ ಗೊತ್ತಿದ್ದೂ ಜನ ಮತ್ತೆ ಬಂದು ನಿಲ್ತಾರೆ ಅಂದ್ರೆ ಅವರನ್ನ ಎಳೀತಿರೋದು ಗೆಲ್ಲೋ ಆಸೆಗಿಂತ ಬೇರೆ ಏನೋ ಇರ್ಬೇಕು.

ನಾನು ಕಂಡುಕೊಂಡಿದ್ದು ಏನಂದ್ರೆ, ಒಳ್ಳೆ ಆರ್ಕೇಡ್ ಗೇಮ್‌ನಲ್ಲಿ ಸತ್ತಾಗ ಯಾಕೆ ಸತ್ತೆ ಅಂತ ಆಡೋರಿಗೆ ಆ ಕ್ಷಣಕ್ಕೇ ಗೊತ್ತಾಗುತ್ತೆ. ಎಡಕ್ಕೆ ಹೋಗ್ಬೇಕಿತ್ತು, ಬಲಕ್ಕೆ ಹೋದೆ. ಇನ್ನೊಂದು ಹಣ್ಣಿಗೆ ಆಸೆ ಬಿದ್ದೆ. ತಪ್ಪು ನನ್ನದು, ಅಂದ್ಮೇಲೆ ಸರಿ ಮಾಡೋದೂ ನನ್ನ ಕೈಲಿದೆ, ಮುಂದಿನ ಆಟ ಒಂದು ಬಟನ್ ದೂರದಲ್ಲಿದೆ. ಬೇರೆ ಎಲ್ಲಾ ಕಾರಣಗಳೂ ಇದರ ಮೇಲೇ ನಿಂತಿವೆ ಅಂತ ನಾನು ನಂಬ್ತೀನಿ. ಸುಮ್ಮನೆ ಅದೃಷ್ಟದಿಂದ ಸಾಯಿಸೋ ಆಟವನ್ನ ಯಾರೂ ಹತ್ತು ವರ್ಷ ಆಡಲ್ಲ.

ಇದನ್ನ ಅಧ್ಯಯನ ಮಾಡಿ ನೋಡಿದೋರೂ ಇದ್ದಾರೆ. 1980ರಲ್ಲಿ ಥಾಮಸ್ ಮಲೋನ್ ಅನ್ನೋ ಸಂಶೋಧಕರು ಕಂಪ್ಯೂಟರ್ ಗೇಮ್ ಯಾಕೆ ಮಜಾ ಕೊಡುತ್ತೆ ಅಂತ ಹುಡುಕ್ತಾ ಚೆಂಡಿನಿಂದ ಇಟ್ಟಿಗೆ ಒಡೆಯೋ ಬ್ರೇಕ್‌ಔಟ್ ಥರದ ಆಟದಲ್ಲಿ ಒಂದೊಂದೇ ಅಂಶ ತೆಗೆದು ನೋಡಿದ್ರು, ಸ್ಕೋರ್ ತೆಗೆದ್ರೆ ಏನಾಗುತ್ತೆ, ಇಟ್ಟಿಗೆ ಒಡೆಯೋದನ್ನ ತೆಗೆದ್ರೆ ಏನಾಗುತ್ತೆ ಅಂತ. ಇಟ್ಟಿಗೆ ಒಡೆದು ಹೋಗೋದು ಕಣ್ಣಿಗೆ ಕಾಣೋದೇ ಎಲ್ಲಕ್ಕಿಂತ ಮುಖ್ಯ ಅಂತ ಕಂಡುಬಂತು. ಎಷ್ಟು ಮಾಡಿದೆ, ಎಷ್ಟು ಉಳಿದಿದೆ ಅನ್ನೋದು ಎದುರಿಗೇ ಇದೆಯಲ್ಲ. ಕೊನೆಗೆ ಅವರು ಸವಾಲು, ಕಲ್ಪನೆ, ಕುತೂಹಲ ಅಂತ ಮೂರು ಕಾರಣ ಹೇಳಿದ್ರು. ಮೂರರಲ್ಲಿ ಕುತೂಹಲಕ್ಕೆ ಜನ ಕೊಡ್ಬೇಕಾದಷ್ಟು ಬೆಲೆ ಕೊಡಲ್ಲ ಅಂತ ನನ್ನ ದೂರು, ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸ್ಪೇಸ್ ಇನ್ವೇಡರ್ಸ್ ತಗೊಳ್ಳಿ. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಮಾಡಿದ್ದು, 1978. ಮೇಲೆ 55 ಶತ್ರುಗಳು, ಹೊಡೀತಾ ಹೋದಷ್ಟೂ ಉಳಿದವರ ವೇಗ ಜಾಸ್ತಿ ಆಗುತ್ತೆ. ಅದಕ್ಕೆ ಕಾರಣ ಆಗಿನ ಪ್ರೊಸೆಸರ್, ಪರದೆ ಮೇಲೆ ಬಿಡಿಸ್ಬೇಕಾದ ಶತ್ರುಗಳು ಕಡಿಮೆ ಆದ ಹಾಗೆ ಅದರ ಕೆಲಸ ಹಗುರ ಆಗಿ ಎಲ್ಲಾ ಬೇಗ ಬೇಗ ನಡೀತಿತ್ತು, ನಿಶಿಕಾಡೊ ಅದನ್ನ ಸರಿ ಮಾಡೋಕೆ ಹೋಗ್ದೆ ಹಾಗೇ ಉಳಿಸ್ಕೊಂಡ್ರು. ಮೇಲ್ಗಡೆ ಆಗಾಗ ಒಂದು ಹಾರುವ ತಟ್ಟೆ ಹೋಗುತ್ತೆ, ಹೊಡೆದ್ರೆ ಒಮ್ಮೆ 50, ಒಮ್ಮೆ 100, ಒಮ್ಮೆ 300. ಅದೃಷ್ಟ ಅಂತ ಅನ್ಸುತ್ತೆ ಅಲ್ವಾ? ಅಲ್ಲ. ಆಡೋರು ಪತ್ತೆ ಹಚ್ಚಿದ್ರು, ನೀವು ಹಾರಿಸಿದ ಗುಂಡಿನ ಲೆಕ್ಕದ ಮೇಲೆ ಅದು ನಿಂತಿದೆ, 23ನೇ ಗುಂಡಿಗೆ ತಟ್ಟೆ ಹೊಡೆದ್ರೆ 300, ಅಲ್ಲಿಂದ ಪ್ರತಿ 15ನೇದಕ್ಕೆ ಮತ್ತೆ 300. ಅಂದ್ರೆ ಒಂದು ಕಡೆ ಜೀವ ಉಳಿಸ್ಕೊಳ್ತಾ ಇನ್ನೊಂದು ಕಡೆ ಮನಸ್ಸಲ್ಲೇ ಗುಂಡು ಎಣಿಸ್ತಾ ಆಡೋದು. ಹೊರಗಿನೋರಿಗೆ ಹುಚ್ಚು ಅನ್ಸುತ್ತೆ, ಆದ್ರೆ ಮಷಿನ್ ಒಳಗಿನ ಗುಟ್ಟು ಬಯಲಾದಾಗ ಸಿಗೋ ಖುಷಿ ಇದೆಯಲ್ಲ, ಅದು ಒಂದ್ಸಲ ಸಿಕ್ರೆ ಬಿಡೋದು ಕಷ್ಟ.

ಪ್ಯಾಕ್‌ಮ್ಯಾನ್ ಇನ್ನೂ ಆಳ. 1980ರಲ್ಲಿ ನಾಮ್ಕೊ ಕಂಪನಿಗೆ ಟೊರು ಇವಾಟಾನಿ ಮಾಡಿದ ಆಟ, ಸುತ್ತುದಾರಿಗಳಲ್ಲಿ ಚುಕ್ಕಿ ತಿನ್ನುತ್ತಾ ದೆವ್ವಗಳಿಂದ ತಪ್ಪಿಸ್ಕೊಳ್ಬೇಕು. ನಾಲ್ಕು ದೆವ್ವಕ್ಕೂ ನಾಲ್ಕು ಸ್ವಭಾವ. ಕೆಂಪಿನದು ನೇರ ನಿಮ್ಮ ಹಿಂದೆ ಬೀಳುತ್ತೆ, ಗುಲಾಬಿಯದು ನಿಮಗಿಂತ ಸ್ವಲ್ಪ ಮುಂದಿನ ಜಾಗಕ್ಕೆ ಗುರಿ ಇಡುತ್ತೆ, ನೀಲಿಯದು ಕೆಂಪಿನದು ಎಲ್ಲಿದೆ ಅಂತ ನೋಡ್ಕೊಂಡು ದಾರಿ ಹಿಡಿಯುತ್ತೆ, ಕಿತ್ತಳೆಯದು ಹತ್ತಿರ ಬಂದ ಮೇಲೆ ಬಿಟ್ಟು ತನ್ನ ಮೂಲೆಗೆ ಹೊರಟುಬಿಡುತ್ತೆ. ನೀವು ಪ್ರತಿ ಸಲ ಅದೇ ದಾರೀಲಿ ಅದೇ ಸಮಯಕ್ಕೆ ತಿರುಗಿದ್ರೆ ಅವೂ ಪ್ರತಿ ಸಲ ಅದನ್ನೇ ಮಾಡ್ತವೆ, ಹಾಗಾಗಿ ಆಡೋರು ದಾರಿಗಳನ್ನ ಬಾಯಿಪಾಠ ಮಾಡ್ಕೊಂಡ್ರು, ಪ್ಯಾಟರ್ನ್ ಅಂತಾರಲ್ಲ ಅದು. ನಾಣ್ಯ ಒಂದೇ, ಆಟ ಗಂಟೆಗಟ್ಟಲೆ. ಮಷಿನ್ ಇಟ್ಟೋರಿಗೆ ನಷ್ಟ ಆಯ್ತು, ಜನ ಕಲಿತುಬಿಟ್ಟ ಆಟವನ್ನ ಮತ್ತೆ ಕಷ್ಟ ಮಾಡೋಕೆ ಮಷಿನ್‌ಗೆ ಸೇರಿಸೋ ಕಿಟ್‌ಗಳನ್ನ ಕೆಲವರು ಮಾರೋಕೆ ಶುರು ಮಾಡಿದ್ರು, ಮಿಸ್ ಪ್ಯಾಕ್‌ಮ್ಯಾನ್ ಹುಟ್ಟಿದ್ದೇ ಅಂಥ ಒಂದು ಕಿಟ್‌ನಿಂದ, ಅದರಲ್ಲಿ ದೆವ್ವಗಳ ನಡೆಗೆ ಸ್ವಲ್ಪ ಅನಿಶ್ಚಿತತೆ ಸೇರಿಸಿದ್ರು.

ಇಲ್ಲಿಂದ ಆಡೋರು ಎರಡು ಥರ ಆಗ್ತಾರೆ. ಒಬ್ಬರಿಗೆ ಪೂರ್ತಿ ಹಿಡಿತ ಬೇಕು, ಒಂದು ಚುಕ್ಕಿ, ಒಂದು ಹಣ್ಣು, ಒಂದು ದೆವ್ವ ಕೂಡ ಬಿಡಬಾರದು. ಪ್ಯಾಕ್‌ಮ್ಯಾನ್‌ನಲ್ಲಿ ಅದಕ್ಕೊಂದು ಅಂಕಿ ಇದೆ, 33,33,360, ಅದಕ್ಕಿಂತ ಒಂದು ಪಾಯಿಂಟೂ ಜಾಸ್ತಿ ಆಗಲ್ಲ. ಇನ್ನೊಬ್ಬರಿಗೆ ಬಾಯಿಪಾಠ ಅಂದ್ರೆ ಬೇಜಾರು, ಅವರಿಗೆ ಡಾಂಕಿ ಕಾಂಗ್‌ನಲ್ಲಿ ಉರುಳಿ ಬರೋ ಪೀಪಾಯಿಗಳ ಥರ ಯಾವ ಏಣಿ ಇಳಿಯುತ್ತೋ ಗೊತ್ತಿಲ್ಲದ ಆಟ ಬೇಕು, ಆ ಕ್ಷಣದ ತೀರ್ಮಾನ ಬೇಕು. ಒಂದೇ ಥರದ ಪ್ರೇರಣೆಯನ್ನ ಎಲ್ಲರಿಗೂ ಅಂಟಿಸೋದು ತಪ್ಪು, ಈ ಎರಡು ಗುಂಪಿನೋರು ಒಬ್ಬರ ಆಟ ಇನ್ನೊಬ್ಬರು ಖುಷಿಯಿಂದ ಆಡೋದು ಕಡಿಮೆ.

ಸ್ಕೋರ್ ವಿಷಯ. 1979ರ ಸ್ಟಾರ್ ಫೈರ್, ಆಸ್ಟರಾಯ್ಡ್ಸ್ ಬಂದಾಗಿಂದ ಜಾಸ್ತಿ ಸ್ಕೋರ್ ಮಾಡಿದೋರ ಪಟ್ಟಿಯಲ್ಲಿ ಹೆಸರಿನ ಮೂರು ಅಕ್ಷರ ಹಾಕೋ ಅಭ್ಯಾಸ ಬಂತು. ಎಷ್ಟೋ ಮಷಿನ್‌ನಲ್ಲಿ ಕರೆಂಟ್ ತೆಗೆದ್ರೆ ಆ ಪಟ್ಟಿ ಅಳಿಸಿ ಹೋಗ್ತಿತ್ತು, ಆದ್ರೂ ಜನ ಅದಕ್ಕಾಗಿ ಬೆವರು ಹರಿಸಿದ್ರು. ಅಮೆರಿಕದ ಅಯೋವಾದಲ್ಲಿ ಒಟ್ಟಮ್ವಾ ಅನ್ನೋ ಊರಲ್ಲಿ ವಾಲ್ಟರ್ ಡೇ 1981ರಲ್ಲಿ ಟ್ವಿನ್ ಗ್ಯಾಲಕ್ಸೀಸ್ ಅನ್ನೋ ಆರ್ಕೇಡ್ ಅಂಗಡಿ ತೆರೆದು, ಮರುವರ್ಷದಿಂದ ದೇಶದ ಸ್ಕೋರ್‌ಗಳನ್ನೆಲ್ಲ ಬರೆದಿಡೋಕೆ ಶುರು ಮಾಡಿದ್ರು. ಅಲ್ಲೇ 1984ರ ಜನವರಿಯಲ್ಲಿ ಟಿಮ್ ಮ್ಯಾಕ್‌ವೇ ಅನ್ನೋ ಹುಡುಗ ನಿಬ್ಲರ್ ಅನ್ನೋ ಹಾವಿನ ಆಟದಲ್ಲಿ ನೂರು ಕೋಟಿ ಪಾಯಿಂಟ್ ದಾಟಿದ, 44 ಗಂಟೆಗೂ ಮೀರಿ ಒಂದೇ ಆಟ, ಕೂಡಿಟ್ಟ ಲೈಫ್‌ಗಳನ್ನ ಸಾಯೋಕೆ ಬಿಟ್ಟು ಆ ಗ್ಯಾಪ್‌ನಲ್ಲಿ ವಿಶ್ರಾಂತಿ. ಇದನ್ನ ಬರೀ ಪೈಪೋಟಿ ಅಂತ ಅನ್ನೋಕೆ ನನಗೆ ಮನಸ್ಸಿಲ್ಲ. ಸ್ಕೋರ್ ಅಂದ್ರೆ ನಿನ್ನೆಯ ನನಗೂ ಇವತ್ತಿನ ನನಗೂ ಇರೋ ಅಂತರ ತೋರಿಸೋ ಅಳತೆ, ಆ ಅಳತೆ ಯಾರ ಮುಲಾಜಿಗೂ ಬದಲಾಗಲ್ಲ. ಅದೇ ಸೆಟ್ಟಿಂಗ್ ಇದ್ರೆ 1982ರಲ್ಲಿ ಆಡಿದೋರಿಗೂ ಇವತ್ತು ಆಡೋರಿಗೂ ಆಟ ಅದೇ. ಹಳೇ ಮಷಿನ್‌ನ ಕಂಪ್ಯೂಟರ್‌ನಲ್ಲಿ ಅನುಕರಿಸೋ ಎಮ್ಯುಲೇಟರ್ ಪ್ರೋಗ್ರಾಂ ಸ್ಕೋರ್‌ಗಳಿಗೂ ಅಸಲಿ ಮಷಿನ್ ಸ್ಕೋರ್‌ಗಳಿಗೂ ಬೇರೆ ಬೇರೆ ಪಟ್ಟಿ ಇಡೋದು ಇದೇ ಕಾರಣಕ್ಕೆ, ಅಳತೆ ಕೆಟ್ರೆ ಎಲ್ಲಾ ಹೋಯ್ತು.

ಇನ್ನೊಂದು ಸೆಳೆತ ಇದೆ, ಮಷಿನ್ ತಾನೇ ಮುಗಿದು ಹೋಗೋ ಜಾಗ ನೋಡೋದು. ಪ್ಯಾಕ್‌ಮ್ಯಾನ್ ಲೆವೆಲ್ ಲೆಕ್ಕ ಇಡೋ ಜಾಗದಲ್ಲಿ 255ರ ತನಕ ಮಾತ್ರ ಹಿಡಿಯುತ್ತೆ, 256ನೇ ಲೆವೆಲ್‌ನಲ್ಲಿ ಹಣ್ಣು ಬಿಡಿಸೋ ಲೆಕ್ಕ ತಪ್ಪಿ ಪರದೆಯ ಬಲ ಅರ್ಧ ಪೂರ್ತಿ ಕಲಸಿ ಹೋಗುತ್ತೆ, ತಿನ್ನೋಕೆ ಬೇಕಾದಷ್ಟು ಚುಕ್ಕಿನೇ ಇರಲ್ಲ. ಡಾಂಕಿ ಕಾಂಗ್‌ನಲ್ಲಿ 22ನೇ ಲೆವೆಲ್, ಸಮಯದ ಲೆಕ್ಕ 260 ಆಗ್ಬೇಕಾದದ್ದು ಅದೇ 255ರ ಮಿತಿ ದಾಟಿ ಸೊನ್ನೆಯಿಂದ ಸುತ್ತಿ ಬಂದು 4 ಆಗುತ್ತೆ, ಕೆಲವೇ ಸೆಕೆಂಡಲ್ಲಿ ಟೈಮ್ ಮುಗಿದು ಸಾವು. ಕಿಲ್ ಸ್ಕ್ರೀನ್ ಅಂತಾರೆ. ಮಾಡಿದೋರೇ ಯಾರೂ ಇಷ್ಟು ದೂರ ಬರ್ತಾರೆ ಅಂತ ಎಣಿಸಿರದ ಜಾಗ ಅದು, ಅಲ್ಲಿಗೆ ತಲುಪಿದೋರಿಗೆ ಆ ಒಂದು ಸಾವಿನಲ್ಲಿ ಮಾತ್ರ ತಪ್ಪು ತಮ್ಮದಲ್ಲ ಅಂತ ಗೊತ್ತು.

ಡಿಫೆಂಡರ್ ಬಗ್ಗೆ ನಾನು ಮಾತೇ ಎತ್ತಿಲ್ಲ, ಒಂದು ಜಾಯ್‌ಸ್ಟಿಕ್, ಐದು ಬಟನ್, ಮೊದಲ ಆಟದಲ್ಲೇ ಹೆದರಿಸೋ ಗೇಮ್, ಆದ್ರೂ ಅದಕ್ಕೇ ಅಂಟ್ಕೊಂಡೋರಿದ್ದಾರೆ. ನಿಮ್ಮಲ್ಲಿ ಅದನ್ನ ಆಡೋರು ಯಾರಾದ್ರೂ ಇದ್ರೆ ಪ್ರಶ್ನೆ ಸಮಯವನ್ನ ಅಲ್ಲಿಂದಲೇ ಶುರು ಮಾಡೋಣ, ನಿಮ್ಮ ಕಾರಣ ಏನು ಅಂತ ನನಗೆ ಕೇಳ್ಬೇಕು.