ಮೂಲೆಯಲ್ಲಿ ನಿಂತ ಹಾಲಿಡೇ, ಬಾಸ್ಟನ್‌ಗೆ ಬಂದ 18ನೇ ಕಪ್

ನಮಸ್ಕಾರ. 2024ರ ಜೂನ್ 18, ಮಂಗಳವಾರ. ನಮ್ಮಲ್ಲಿ ಬೆಳಗಿನ ಆರು ಗಂಟೆ, ಬಾಸ್ಟನ್‌ನಲ್ಲಿ ಇನ್ನೂ ಸೋಮವಾರ ರಾತ್ರಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಫೈನಲ್ ಸರಣಿಯ ಐದನೇ ಪಂದ್ಯ. ಹಾಲಿನ ಪ್ಯಾಕೆಟ್ ಗೇಟಿನ ಚೀಲದಲ್ಲೇ ಇತ್ತು, ನಾನು ಮೊಬೈಲ್ ಹಿಡಿದು ಕೂತಿದ್ದೆ. ಮೊದಲರ್ಧ ಮುಗಿಯುವ ಹೊತ್ತಿಗೆ ಪೇಟನ್ ಪ್ರಿಚರ್ಡ್ ಅರ್ಧ ಕೋರ್ಟ್ ದೂರದಿಂದ ಎಸೆದ ಚೆಂಡು ಬ್ಯಾಸ್ಕೆಟ್‌ಗೆ ಬಿತ್ತು. ಬಾಸ್ಟನ್ ಸೆಲ್ಟಿಕ್ಸ್ 67, ಡಲ್ಲಾಸ್ 46. ಇನ್ನೂ ಅರ್ಧ ಆಟ ಬಾಕಿ ಇತ್ತು, ಆದರೂ ನನ್ನ ಕಣ್ಣು ತುಂಬಿಬಂತು.

ಯಾಕೆ ಅಂತ ಹೇಳಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು. 2023ರ ಮೇ ತಿಂಗಳು. ಮಯಾಮಿ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ ಮೊದಲ ಮೂರು ಸೋತು, ಮುಂದಿನ ಮೂರನ್ನೂ ಗೆದ್ದು, ಏಳನೇ ಪಂದ್ಯವನ್ನು ತಮ್ಮದೇ ಊರಲ್ಲಿ 103-84ರಿಂದ ಕಳೆದುಕೊಂಡಿತ್ತು ಇದೇ ತಂಡ. ಮೊದಲ ನಿಮಿಷದಲ್ಲೇ ತಂಡದ ತಾರೆ ಜೇಸನ್ ಟೇಟಮ್ ಕಾಲು ಉಳುಕಿತು ನಿಜ. ಆದರೆ ಅದೊಂದೇ ಕಾರಣ ಅಂದರೆ ನಾನು ಒಪ್ಪಲ್ಲ. ಟೇಟಮ್ ಅಥವಾ ಜೇಲನ್ ಬ್ರೌನ್ ಒಳಗೆ ನುಗ್ಗಿದಾಗೆಲ್ಲ ಅಲ್ಲಿ ಎದುರಾಳಿಗಳ ಗೋಡೆ ಎದ್ದು ನಿಂತಿರುತ್ತಿತ್ತು.

ಜೂನ್‌ನಲ್ಲಿ ಮಾರ್ಕಸ್ ಸ್ಮಾರ್ಟ್ ಅವರನ್ನೇ ಕೊಟ್ಟುಬಿಟ್ಟರು. 2014ರಲ್ಲಿ ಬಂದವರು, 9 ಸೀಸನ್ ಬಾಸ್ಟನ್ ಬಿಟ್ಟು ಬೇರೆ ಕಡೆ ಆಡದವರು, 2022ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಡಿಫೆಂಡರ್ ಎನಿಸಿಕೊಂಡವರು. ಚೆಂಡು ನೆಲಕ್ಕೆ ಬಿದ್ದರೆ ಮೈಮೇಲೆ ಗಾಯವಾದೀತು ಅನ್ನುವುದನ್ನೂ ನೋಡದೆ ಹಾರುತ್ತಿದ್ದ ಮನುಷ್ಯ. ಅವರನ್ನು ಮೆಂಫಿಸ್‌ಗೆ ಕಳಿಸಿ ವಾಷಿಂಗ್ಟನ್‌ನಿಂದ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅವರನ್ನು ತಂದರು. ಆ ದಿನ ನನಗೆ ಸಿಟ್ಟು ಬಂದಿತ್ತು. ಮನೆಯ ಹಿರಿಮಗನನ್ನು ಹೊರಗೆ ಕಳಿಸಿದ ಹಾಗಿತ್ತು ಅದು.

ಆದರೆ ತಂಡ ಕಟ್ಟುವ ಹೊಣೆ ಹೊತ್ತಿದ್ದ ಬ್ರಾಡ್ ಸ್ಟೀವನ್ಸ್ ಲೆಕ್ಕ ಬೇರೆ ಇತ್ತು. ಪೊರ್ಜಿಂಗಿಸ್ ಎತ್ತರ 7 ಅಡಿ 2 ಅಂಗುಲ, ಮೇಲಾಗಿ ದೂರದಿಂದ ಮೂರು ಪಾಯಿಂಟ್ ಹೊಡೆಯುತ್ತಾರೆ. ಅವರು ಮೂರು ಪಾಯಿಂಟ್ ಗೆರೆಯ ಹೊರಗೆ ನಿಂತರೆ ಎದುರಾಳಿಯ ದೈತ್ಯ ಒಳಗಿನ ಜಾಗ ಬಿಟ್ಟು ಹಿಂದೆಯೇ ಬರಬೇಕು. ಕುಳ್ಳನನ್ನು ಕಾವಲಿಗೆ ಹಾಕಿದರೆ ಅವನ ತಲೆ ಮೇಲಿಂದಲೇ ಹೊಡೆಯುತ್ತಾರೆ. ಹಿಂದಿನ ವರ್ಷ ಬಾಸ್ಟನ್‌ಗೆ ಅಡ್ಡ ನಿಂತ ಗೋಡೆ ಒಡೆದದ್ದು ಹೀಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಮಿಲ್ವಾಕಿ ತಂಡ ಡೇಮಿಯನ್ ಲಿಲ್ಲರ್ಡ್‌ಗಾಗಿ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟಿತು. ನಾಲ್ಕೇ ದಿನದಲ್ಲಿ ಬಾಸ್ಟನ್ ಹೋಗಿ ಅವರನ್ನು ಎತ್ತಿಕೊಂಡು ಬಂತು. ಬದಲಿಗೆ ಮಾಲ್ಕಮ್ ಬ್ರಾಗ್ಡನ್, ರಾಬರ್ಟ್ ವಿಲಿಯಮ್ಸ್, ಜೊತೆಗೆ ಡ್ರಾಫ್ಟ್ ಪಿಕ್‌ಗಳು, ಅಂದರೆ ಮುಂದೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳು. ಸಣ್ಣ ಬೆಲೆಯಲ್ಲ.

ಈಗ ನನ್ನ ಮಾತಿಗೆ ಬರ್ತೀನಿ. ದೊಡ್ಡ ಹೆಸರುಗಳನ್ನು ಗುಡ್ಡೆ ಹಾಕಿದರು, ಗೆದ್ದರು ಅಂತ ಹೇಳುವವರಿದ್ದಾರೆ. ದಯವಿಟ್ಟು ಆ ಸೀಸನ್‌ನ ಯಾವುದಾದರೂ ಒಂದು ಪಂದ್ಯ ಹಾಕಿ, ಚೆಂಡನ್ನು ಬಿಟ್ಟು ಬರೀ ಹಾಲಿಡೇ ಅವರನ್ನು ನೋಡಿ. ಮೂಲೆಯಲ್ಲಿ ನಿಂತಿರುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಎರಡೂ ಕೈ ಎದೆ ಮಟ್ಟಕ್ಕೆ ತಂದು, ಚೆಂಡು ಬಂದರೆ ಹೊಡೆಯಲು ಸಿದ್ಧ. ಎಷ್ಟೋ ಸಲ ಚೆಂಡು ಬರುವುದೇ ಇಲ್ಲ. ಮುಖದಲ್ಲಿ ಬೇಸರದ ಗೆರೆಯಿಲ್ಲ; ತಿರುಗಿ ಓಡುತ್ತಾರೆ, ಆ ಕಡೆ ಹೋಗಿ ಎದುರಾಳಿಯ ಬಲಿಷ್ಠ ಆಟಗಾರನ ಎದೆಗೆ ಎದೆ ಕೊಟ್ಟು ನಿಲ್ಲುತ್ತಾರೆ. ಮಿಲ್ವಾಕಿಯಲ್ಲಿ ಪಂದ್ಯಕ್ಕೆ 19.3 ಪಾಯಿಂಟ್ ಗಳಿಸುತ್ತಿದ್ದವರು, ಒಂದು ಚಾಂಪಿಯನ್‌ಷಿಪ್ ಗೆದ್ದು ಬಂದವರು, ಇಲ್ಲಿ 12.5ಕ್ಕೆ ಇಳಿದರು. ಆದರೆ ಹೊಡೆದ ಮೂರು ಪಾಯಿಂಟ್ ಶಾಟ್‌ಗಳಲ್ಲಿ ಸುಮಾರು 43 ಶೇಕಡಾ ಬ್ಯಾಸ್ಕೆಟ್ ಸೇರಿದವು. ಮೂವತ್ಮೂರರ ವಯಸ್ಸಿನಲ್ಲಿ ತನ್ನ ಪಾಲನ್ನು ತಾನೇ ಕಡಿಮೆ ಮಾಡಿಕೊಳ್ಳುವುದು ಸುಲಭ ಅಂದುಕೊಂಡಿರಾ? ನನ್ನ ಮಟ್ಟಿಗೆ ಆ ಸೀಸನ್ ಗೆದ್ದದ್ದು ಆ ಮೂಲೆಯಲ್ಲೇ.

ಅವರನ್ನು ನೋಡಿ ಉಳಿದವರೂ ಕೈ ಬಿಗಿ ಹಿಡಿಯಲಿಲ್ಲ. 64 ಗೆಲುವು, 18 ಸೋಲು. ತವರಿನಲ್ಲಿ ಆಡಿದ 41ರಲ್ಲಿ ಸೋತದ್ದು 4. ಲೀಗ್ ಹಂತದ ನಂತರದ ಪ್ಲೇಆಫ್ ಸುತ್ತುಗಳಲ್ಲಿ 16 ಗೆಲುವು, 3 ಸೋಲು, ಅದೂ ಮೊದಲ ಸುತ್ತಿನಲ್ಲೇ ಮೀನಖಂಡದ ಗಾಯವಾಗಿ ಪೊರ್ಜಿಂಗಿಸ್ ಕೂತುಬಿಟ್ಟಿದ್ದರೂ. ಫೈನಲ್‌ನ ಮೊದಲ ಪಂದ್ಯದಲ್ಲಿ ಅವರು ಬೆಂಚಿನಿಂದ ಎದ್ದು ಬಂದು 21 ನಿಮಿಷದಲ್ಲಿ 20 ಪಾಯಿಂಟ್ ಹೊಡೆದರು. ಎರಡನೇ ಪಂದ್ಯದಲ್ಲಿ ಟೇಟಮ್ ಶಾಟ್‌ಗಳು ಬೀಳದಿದ್ದಾಗ ಮೂಲೆಯವರೇ ಮುಂದೆ ಬಂದರು: ಹಾಲಿಡೇ 26. ಕೊನೆಯ ಪಂದ್ಯದಲ್ಲಿ ಡೆರಿಕ್ ವೈಟ್ ಹಲ್ಲು ಮುರಿದುಕೊಂಡೂ ಆಡಿದರು. 106-88. ಫೈನಲ್‌ನ ಶ್ರೇಷ್ಠ ಆಟಗಾರ ಬ್ರೌನ್. 17 ಸೀಸನ್ ಕಾದ ಆಲ್ ಹಾರ್ಫರ್ಡ್‌ಗೆ 38ನೇ ವಯಸ್ಸಿನಲ್ಲಿ ಮೊದಲ ಕಪ್.

ಸ್ಮಾರ್ಟ್? ಗಾಯದಿಂದಾಗಿ ಆ ಸೀಸನ್‌ನಲ್ಲಿ ಅವರು ಮೆಂಫಿಸ್ ಪರ ಆಡಿದ್ದು 20 ಪಂದ್ಯ ಮಾತ್ರ. ಫೆಬ್ರುವರಿಯಲ್ಲಿ ಮೆಂಫಿಸ್ ಬಾಸ್ಟನ್‌ಗೆ ಬಂದಾಗಲೂ ಅವರು ಕೋರ್ಟ್‌ಗೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಆದರೂ ಅವರಿಗಾಗಿ ಬಾಸ್ಟನ್‌ನ ತವರು ಕ್ರೀಡಾಂಗಣ, ಇಡೀ ಗಾರ್ಡನ್, ಎದ್ದು ನಿಂತು ಚಪ್ಪಾಳೆ ತಟ್ಟಿತು. ಜೂನ್‌ನ ಆ ಬೆಳಿಗ್ಗೆ, ಮೇಲಿನಿಂದ ಹಸಿರು ಕಾಗದದ ಚೂರುಗಳು ಉದುರುತ್ತಿದ್ದಾಗ, ನಾನು ನೆನೆಸಿಕೊಂಡದ್ದು ಆ ಚಪ್ಪಾಳೆಯನ್ನೇ.