ಬ್ರಾಂಡ್ ಹೊಲಿಯುವುದಿಲ್ಲ, ಕೊಳ್ಳುತ್ತದೆ

ಎಲ್ಲರಿಗೂ ನಮಸ್ಕಾರ.

ನೀವು ತೊಟ್ಟಿರುವ ಬಟ್ಟೆಯ ಒಳಗೆ, ಪಕ್ಕದ ಹೊಲಿಗೆಯಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ. ಈಗ ಬೇಡ, ಮನೆಗೆ ಹೋದ ಮೇಲೆ ಓದಿ. ಅದರಲ್ಲಿ ಮೂರು ಸಂಗತಿ ಸಿಗುತ್ತವೆ. ಯಾವ ನೂಲು, ಯಾವ ದೇಶ, ಹೇಗೆ ಒಗೆಯಬೇಕು. ದೇಶ ಅಂದರೆ ಹೊಲಿದ ದೇಶ, ಅಷ್ಟೇ. ಹತ್ತಿ ಬೆಳೆದದ್ದು ಬೇರೆ ಕಡೆ ಇರಬಹುದು. ನೂಲು ತೆಗೆದದ್ದು ಮತ್ತೊಂದು ಕಡೆ, ಬಣ್ಣ ಹಾಕಿದ್ದು ಇನ್ನೆಲ್ಲೋ. ಕತ್ತಿನ ಹತ್ತಿರ ದೊಡ್ಡ ಅಕ್ಷರದಲ್ಲಿ ಬ್ರಾಂಡಿನ ಹೆಸರು. ಆದರೆ ಹೆಚ್ಚಿನ ಸಲ ಆ ಬಟ್ಟೆಗೆ ಆ ಬ್ರಾಂಡು ಒಂದು ಹೊಲಿಗೆಯನ್ನೂ ಹಾಕಿರುವುದಿಲ್ಲ.

ದೊಡ್ಡ ಬ್ರಾಂಡುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಫ್ಯಾಕ್ಟರಿಯೇ ಇಲ್ಲ. ಡಿಸೈನ್ ಮಾಡುತ್ತವೆ, ಆರ್ಡರ್ ಕೊಡುತ್ತವೆ, ಬಂದ ಮಾಲನ್ನು ಮಾರುತ್ತವೆ. ನಮ್ಮ ಕಣ್ಣಿಗೆ ಅವು ಅಂಗಡಿಯವರು. ಗಾರ್ಮೆಂಟ್ಸ್ ಮಾಲೀಕನ ಕಣ್ಣಿಗೆ ಅವೇ ಗಿರಾಕಿ. ಹಾಗಾಗಿ ಒಂದು ಬ್ರಾಂಡು ಪರಿಸರಕ್ಕೆ, ದುಡಿಯುವವರಿಗೆ ಎಷ್ಟು ಒಳ್ಳೆಯದು ಅಂತ ತೂಗಬೇಕಾದರೆ ಅದು ಎಂಥ ಗಿರಾಕಿ ಅಂತ ನೋಡಬೇಕು. ನಾವು ಮಾಡುವುದು ಬೇರೆ. ಬಟ್ಟೆ ಮುಟ್ಟಿ ನೋಡುತ್ತೇವೆ, ಟ್ಯಾಗ್ ಓದುತ್ತೇವೆ, ಹಸಿರು ಎಲೆಯ ಚಿತ್ರ ಕಂಡರೆ ಸಮಾಧಾನ ಮಾಡಿಕೊಳ್ಳುತ್ತೇವೆ.

ಟ್ಯಾಗಿನ ಮಾತನ್ನೇ ಮೊದಲು ಮುಗಿಸಿಬಿಡೋಣ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ವಾ?

'ಇಕೋ', 'ನ್ಯಾಚುರಲ್', 'ಕಾನ್ಷಿಯಸ್' ಇಂಥ ಪದಗಳಿಗೆ ತಮ್ಮಷ್ಟಕ್ಕೆ ಯಾವ ಅರ್ಥವೂ ಇಲ್ಲ. ಇಂಥ ಪದ ಅಂಟಿಸಿ ಪರಿಸರಕ್ಕೆ ಒಳ್ಳೆಯವರಂತೆ ತೋರಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಗ್ರೀನ್‌ವಾಷಿಂಗ್ ಅಂತ ಹೊಸ ಪದ ಹುಟ್ಟಿತು. ನಮ್ಮಲ್ಲಿ ಮೊದಲೇ ಇತ್ತು: ತಿಪ್ಪೆ ಸಾರಿಸುವುದು. ಒಂದು ಉದಾಹರಣೆ ಹೇಳುತ್ತೇನೆ. ಬಿದಿರಿನ ಬಟ್ಟೆ ಅಂತ ಮಾರುತ್ತಾರೆ. ಬಿದಿರು ಬೇಗ ಬೆಳೆಯುತ್ತದೆ, ಔಷಧಿ ಬೇಡ, ನೀರು ಕಡಿಮೆ. ಎಲ್ಲಾ ನಿಜ. ಆದರೆ ಆ ಮೆತ್ತನೆಯ ಬಟ್ಟೆ ಬಿದಿರಿನ ನಾರಿನದ್ದಲ್ಲ. ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ, ಆ ಗಂಜಿಯಿಂದ ಎಳೆ ತೆಗೆದಿರುತ್ತಾರೆ. ಅದರ ಹೆಸರು ರೇಯಾನ್ ಅಥವಾ ವಿಸ್ಕೋಸ್. ಅದಕ್ಕೆ ಬಳಸುವ ಕಾರ್ಬನ್ ಡೈಸಲ್ಫೈಡ್ ಫ್ಯಾಕ್ಟರಿಯಲ್ಲಿ ದುಡಿಯುವವರ ನರಗಳನ್ನು ಹಾಳುಮಾಡುವ ವಸ್ತು. ರೇಯಾನನ್ನು ಬಿದಿರು ಅಂತ ಹೇಳಿ ಮಾರಿದ್ದಕ್ಕೆ 2022ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎರಡು ದೊಡ್ಡ ಅಂಗಡಿ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ವಾಲ್‌ಮಾರ್ಟ್ 30 ಲಕ್ಷ ಡಾಲರ್, ಕೋಲ್ಸ್ 25 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು.

'ರಿಸೈಕಲ್ಡ್ ಪಾಲಿಯೆಸ್ಟರ್' ಅಂದ ತಕ್ಷಣ ಹಳೇ ಅಂಗಿ ಕರಗಿ ಹೊಸ ಅಂಗಿಯಾಯಿತು ಅಂದುಕೊಳ್ಳುತ್ತೇವೆ. ಅದು ಬಹುಪಾಲು ಪ್ಲಾಸ್ಟಿಕ್ ಬಾಟಲಿಯಿಂದ ಬಂದದ್ದು. ಬಾಟಲಿ ಮತ್ತೆ ಬಾಟಲಿಯಾಗುತ್ತಾ ಹಲವು ಸುತ್ತು ಬರಬಹುದಿತ್ತು. ಅಂಗಿಯಾದ ಮೇಲೆ ಹೆಚ್ಚಾಗಿ ಆ ದಾರಿ ಮುಚ್ಚಿತು. ಹಳೇ ಬಟ್ಟೆಯಿಂದ ಮತ್ತೆ ಬಟ್ಟೆಗೆ ಬರುವ ನಾರು ಜಗತ್ತಿನ ಒಟ್ಟು ನಾರಿನಲ್ಲಿ ಶೇ. 1ರಷ್ಟೂ ಇಲ್ಲ. 'ವೀಗನ್ ಲೆದರ್' ಕೂಡ ಹೀಗೇ. ಪ್ರಾಣಿಗೆ ಒಳ್ಳೆಯದಾಯಿತು, ನಿಜ. ಆದರೆ ಅದು ಹೆಚ್ಚಿನ ಸಲ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್ಕು.

ಸರ್ಟಿಫಿಕೇಟುಗಳು ಇವಕ್ಕಿಂತ ಮೇಲು. ಅವುಗಳ ಹಿಂದೆ ಬರೆದಿಟ್ಟ ನಿಯಮಗಳಾದರೂ ಇವೆ. ಆದರೆ ಒಂದೊಂದು ಗುರುತು ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಅಂದರೆ ಆ ಬಟ್ಟೆಯಲ್ಲಿ ಮೈಗೆ ಹಾನಿ ಮಾಡುವ ರಾಸಾಯನಿಕ ಮಿತಿ ಮೀರಿಲ್ಲ ಅಂತ. ಹೊಲಿದವರಿಗೆ ಎಷ್ಟು ಕೊಟ್ಟರು ಅನ್ನುವುದು ಅದರಲ್ಲಿ ಇಲ್ಲ. ಗಾಟ್ಸ್, ಅಂದರೆ ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್ ಗುರುತು ಬೇಕಾದರೆ ಕನಿಷ್ಠ ಶೇ. 70 ಸಾವಯವ ನಾರು ಇರಬೇಕು, ಬಣ್ಣ ಹಾಕುವ ಹಂತಕ್ಕೂ ನಿಯಮಗಳಿವೆ, ದುಡಿಮೆಯ ನಿಯಮಗಳೂ ಇವೆ. ನನ್ನ ಲೆಕ್ಕದಲ್ಲಿ ಇದು ಗಟ್ಟಿ ಗುರುತು. ಆದರೆ ಗಾಟ್ಸ್ ಇರುವುದು ಆ ಒಂದು ಅಂಗಿಗೆ. ಬ್ರಾಂಡಿನ ಉಳಿದ ಸಾವಿರ ಅಂಗಿಗಳಿಗೆ ಅದು ಏನನ್ನೂ ಹೇಳುವುದಿಲ್ಲ. ಮುಂದಿನ ಕಪಾಟಿನಲ್ಲಿ ಹತ್ತು ಸಾವಯವ ಅಂಗಿ ನೇತುಹಾಕಿ, ಹಿಂದಿನ ಗೋದಾಮಿನಲ್ಲಿ ಮಾಮೂಲಿ ವ್ಯಾಪಾರ ನಡೆಸುವುದು ಕಷ್ಟವೇನಲ್ಲ.

ಈಗ ಫ್ಯಾಕ್ಟರಿ ಒಳಗೆ ಹೋಗೋಣ.

2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಗಾರ್ಮೆಂಟ್ಸಿಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು. ಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬೀಳುವುದಕ್ಕೆ ಕೆಲವೇ ವಾರ ಮೊದಲು ಆ ಫ್ಯಾಕ್ಟರಿಗೆ ಎಸ್‌ಎ 8000 ಸರ್ಟಿಫಿಕೇಟು ಸಿಕ್ಕಿತ್ತು. ಇಲ್ಲಿ ಕೆಲಸಗಾರರನ್ನು ಸರಿಯಾಗಿ ನಡೆಸಿಕೊಳ್ಳುತ್ತಾರೆ, ಜಾಗ ಸುರಕ್ಷಿತವಾಗಿದೆ ಅಂತ ಹೇಳುವ ಸರ್ಟಿಫಿಕೇಟು ಅದು.

ಏಳು ತಿಂಗಳ ನಂತರ, 2013ರ ಏಪ್ರಿಲ್ 24. ಬಾಂಗ್ಲಾದೇಶದ ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. ಹಿಂದಿನ ದಿನವೇ ಕಟ್ಟಡ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ಸಿನವರನ್ನು ಮಾತ್ರ ಬೆಳಗ್ಗೆ ಮತ್ತೆ ಒಳಗೆ ಕಳಿಸಿದರು. 1,134 ಜನ ಸತ್ತರು. ಅಲ್ಲಿದ್ದ ಫ್ಯಾಕ್ಟರಿಗಳಲ್ಲೂ ಆಡಿಟ್, ಅಂದರೆ ಬ್ರಾಂಡುಗಳಿಗಾಗಿ ನಡೆಯುವ ತಪಾಸಣೆ, ಆಗಿತ್ತು.

ಬ್ಯಾಂಕು ಮುಚ್ಚಬಹುದಿತ್ತು, ಗಾರ್ಮೆಂಟ್ಸ್ ಯಾಕೆ ಮುಚ್ಚಲಾಗಲಿಲ್ಲ? ಮಾಲೀಕರ ದುರಾಸೆ ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ದುರಾಸೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಈ ವ್ಯಾಪಾರದ ಕಟ್ಟುಪಾಡು ನೋಡಿ. ಮಾಲು ಹಡಗಿಗೆ ತಲುಪುವ ದಿನ ತಪ್ಪಿದರೆ ಬ್ರಾಂಡು ದುಡ್ಡು ಮುರಿದುಕೊಳ್ಳುತ್ತದೆ. ಇಲ್ಲವೇ ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಫ್ಯಾಕ್ಟರಿಯದ್ದು. ಎರಡು ಸಲ ತಪ್ಪಿದರೆ ಮುಂದಿನ ಆರ್ಡರ್ ಪಕ್ಕದವನಿಗೆ. ಅದೇ ಬ್ರಾಂಡು ಒಂದು ಕೈಯಲ್ಲಿ ಸುರಕ್ಷತೆಯ ನಿಯಮ ಪುಸ್ತಕ ಹಿಡಿದುಕೊಂಡಿರುತ್ತದೆ, ಇನ್ನೊಂದು ಕೈಯಲ್ಲಿ ಈ ಷರತ್ತುಗಳು. ಕೊನೆಗೆ ನಡೆಯುವುದು ಷರತ್ತೇ.

ಆಡಿಟ್ ಮಾಡುವವರೆಲ್ಲ ಕಳ್ಳರು ಅಂತಲ್ಲ. ಆದರೆ ಆಡಿಟರ್‌ಗೆ ಫೀಸು ಕೊಡುವುದು ಫ್ಯಾಕ್ಟರಿ ಅಥವಾ ಬ್ರಾಂಡು. ಎಷ್ಟೋ ಸಲ ಬರುವ ದಿನ ಮೊದಲೇ ಗೊತ್ತಿರುತ್ತದೆ. ಆವತ್ತು ನೆಲ ಥಳಥಳ. ಹಾಜರಿ ಪುಸ್ತಕ ಎರಡೆರಡು ಇರುತ್ತವೆ. ಕೆಲಸ ಜಾಸ್ತಿಯಾದಾಗ ಮಾಲು ಸಬ್‌ಕಾಂಟ್ರಾಕ್ಟಿಗೆ ಹೋಗುತ್ತದೆ. ಅಲ್ಲಿಗೆ ಯಾವ ಆಡಿಟರೂ ಹೋಗುವುದಿಲ್ಲ.

ಬೆಲೆ ಜಾಸ್ತಿ ಇದ್ದರೆ ಹೀಗೆಲ್ಲ ಆಗಲ್ಲ ಅನ್ನುವವರಿದ್ದಾರೆ. 2024ರಲ್ಲಿ ಇಟಲಿಯ ಮಿಲಾನಿನ ಕೋರ್ಟು ದುಬಾರಿ ಬ್ರಾಂಡು ಡಿಯೋರ್‌ಗೆ ಕೈಚೀಲ ಮಾಡಿಸುವ ಕಂಪನಿಯೊಂದರ ಮೇಲೆ ಉಸ್ತುವಾರಿ ಆಡಳಿತಗಾರರನ್ನು ಕೂರಿಸಿತು. ಕೆಲಸ ಕೊಟ್ಟ ಕಡೆ ದುಡಿಮೆ ಹೇಗೆ ನಡೆದಿದೆ ಅಂತ ನೋಡಿಕೊಳ್ಳಲಿಲ್ಲ ಅನ್ನುವುದು ಆಕ್ಷೇಪ. ಅಂಗಡಿಯಲ್ಲಿ 2,600 ಯೂರೋ ಬೆಲೆಯ ಚೀಲವೊಂದನ್ನು ಜೋಡಿಸಲು ಕೊಟ್ಟದ್ದು, ಚರ್ಮದ ಬೆಲೆ ಬಿಟ್ಟು, 53 ಯೂರೋ ಅಂತ ಕೋರ್ಟಿನ ಕಾಗದಗಳಲ್ಲಿದೆ. ಬೆಲೆ ನಮ್ಮ ಜೇಬಿನಿಂದ ಎಷ್ಟು ಹೋಯಿತು ಅಂತ ಹೇಳುತ್ತದೆ. ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ.

ಹಾಗಾದರೆ ನಂಬಬಹುದಾದದ್ದು ಏನೂ ಇಲ್ಲವಾ? ಇದೆ. ರಾಣಾ ಪ್ಲಾಜಾ ಕುಸಿದ ಮರು ತಿಂಗಳೇ ಬ್ರಾಂಡುಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಫ್ಯಾಕ್ಟರಿಗಳ ಸುರಕ್ಷತೆಗೆ ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದ ಆಯಿತು. 200ಕ್ಕೂ ಹೆಚ್ಚು ಬ್ರಾಂಡುಗಳು ಸಹಿ ಹಾಕಿದವು. ಅದರ ಗಟ್ಟಿತನ ಎಲ್ಲಿತ್ತು ಅಂದರೆ, ಅದು ಕಾನೂನಿಗೆ ಕಟ್ಟುಬಿದ್ದ ಒಪ್ಪಂದ. ತಪಾಸಣೆಯ ವರದಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು. ರಿಪೇರಿಗೆ ಒಪ್ಪದ ಫ್ಯಾಕ್ಟರಿಗೆ ಆರ್ಡರ್ ನಿಲ್ಲಿಸಬೇಕು. ರಿಪೇರಿಗೆ ದುಡ್ಡು ಹೊಂದಿಸಲು ಬ್ರಾಂಡು ಸಹಕರಿಸಬೇಕು. ಮಾತು ತಪ್ಪಿದ ಬ್ರಾಂಡನ್ನು ಸಂಘಟನೆಗಳು ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ಮಧ್ಯಸ್ಥಿಕೆಗೆ ಎಳೆದವು. 2018ರ ಆರಂಭದಲ್ಲಿ ಒಂದು ಬ್ರಾಂಡು 23 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ನನಗೆ ಇದು ನೂರು ಟ್ಯಾಗಿಗಿಂತ ದೊಡ್ಡ ಗುರುತು. ಬ್ರಾಂಡು ತಾನೇ ಬರೆದುಕೊಂಡ ನೀತಿಸಂಹಿತೆ ಬೇರೆ. ತಪ್ಪಿದರೆ ಇನ್ನೊಬ್ಬರು ಕಟಕಟೆಗೆ ಎಳೆಯಬಹುದಾದ ಸಹಿ ಬೇರೆ.

ಸಂಬಳದ ವಿಷಯ. ಬ್ರಾಂಡುಗಳ ವರದಿಯಲ್ಲಿ 'ನಮ್ಮ ಪೂರೈಕೆದಾರರು ಕಾನೂನಿನ ಪ್ರಕಾರ ಕೂಲಿ ಕೊಡುತ್ತಾರೆ' ಅಂತ ಇರುತ್ತದೆ. ಕಾನೂನಿನ ಕನಿಷ್ಠ ಕೂಲಿ ಬೇರೆ, ಬದುಕಲು ಸಾಕಾಗುವ ಕೂಲಿ ಬೇರೆ. 2023ರಲ್ಲಿ ಬಾಂಗ್ಲಾದೇಶದ ಗಾರ್ಮೆಂಟ್ಸ್ ಕೆಲಸಗಾರರು ತಿಂಗಳಿಗೆ 23,000 ಟಾಕಾ ಕೇಳಿ ಬೀದಿಗಿಳಿದರು. ಸರ್ಕಾರ ನಿಗದಿ ಮಾಡಿದ್ದು 12,500. ಅಷ್ಟು ಕೊಟ್ಟರೆ ಕಾನೂನು ಪಾಲಿಸಿದಂತೆಯೇ. ಆದ್ದರಿಂದ ಬ್ರಾಂಡು 'ಬದುಕುವ ಕೂಲಿ'ಯ ಲೆಕ್ಕ ಇಟ್ಟಿದೆಯಾ, ಎಷ್ಟು ಫ್ಯಾಕ್ಟರಿಗಳಲ್ಲಿ ಅದು ಸಿಗುತ್ತಿದೆ ಅಂತ ಸಂಖ್ಯೆ ಕೊಡುತ್ತದೆಯಾ ಅಂತ ಹುಡುಕಿ. ಜತೆಗೆ ಇನ್ನೊಂದನ್ನೂ ನೋಡಿ. 2020ರಲ್ಲಿ ಕೋವಿಡ್ ಬಂದಾಗ ಹಲವು ಬ್ರಾಂಡುಗಳು ಆಗಲೇ ಹೊಲಿದು ಮುಗಿದಿದ್ದ ಮಾಲಿಗೂ ದುಡ್ಡು ಕೊಡಲು ಹಿಂದೆಗೆದವು. ಮಾಲು ತಲುಪಿ ವಾರಗಟ್ಟಲೆ ಆದ ಮೇಲೆ ಹಣ ಕೊಡುವ ಪದ್ಧತಿ ಇರುವುದರಿಂದಲೇ ಅದು ಸಾಧ್ಯವಾಯಿತು. ಕೆಲವು ಬ್ರಾಂಡುಗಳು ಮಾತ್ರ ಪೂರ್ತಿ ಕೊಟ್ಟವು. ಕಷ್ಟಕಾಲದಲ್ಲಿ ಗಿರಾಕಿ ಹೇಗೆ ನಡೆದುಕೊಂಡ ಅನ್ನುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಪರಿಸರಕ್ಕೂ ಇದೇ ಕಣ್ಣು ಬೇಕು. 'ನಮ್ಮ ಆಫೀಸು, ಅಂಗಡಿ ಎಲ್ಲಾ ಸೌರ ವಿದ್ಯುತ್ತಿನಲ್ಲಿ ನಡೆಯುತ್ತವೆ' ಅನ್ನುತ್ತಾರೆ. ಒಳ್ಳೆಯದೇ. ಆದರೆ ಬಟ್ಟೆಯಿಂದಾಗುವ ಇಂಗಾಲದ ಹೊಗೆಯಲ್ಲಿ ಬಹುಪಾಲು ಹುಟ್ಟುವುದು ನಾರು ತಯಾರಿಕೆಯಲ್ಲಿ, ನೂಲಿನಲ್ಲಿ, ನೇಯ್ಗೆಯಲ್ಲಿ, ಎಲ್ಲಕ್ಕಿಂತ ಜಾಸ್ತಿ ಬಣ್ಣ ಹಾಕುವ ಕಡೆ. ಅಲ್ಲಿ ನೀರು ಕಾಯಿಸಬೇಕು, ಆವಿ ಬೇಕು, ಬಾಯ್ಲರಿಗೆ ಎಷ್ಟೋ ಕಡೆ ಇನ್ನೂ ಕಲ್ಲಿದ್ದಲೇ. ಆ ಲೆಕ್ಕ ಬರುವುದು 'ಸ್ಕೋಪ್ 3' ಎಂಬ ಕಾಲಂನಲ್ಲಿ, ಅಂದರೆ ಬ್ರಾಂಡಿನ ಸ್ವಂತ ಆಫೀಸು, ಅಂಗಡಿಗಳ ಆಚೆ, ಪೂರೈಕೆದಾರರಂಥವರ ಕಡೆ ಹುಟ್ಟುವ ಹೊಗೆಯ ಕಾಲಂನಲ್ಲಿ. ಬ್ರಾಂಡಿನ ಪರಿಸರ ವರದಿ ತೆರೆದರೆ ನೇರ ಅಲ್ಲಿಗೆ ಹೋಗಿ. ಆ ಕಾಲಂ ಖಾಲಿ ಇದ್ದರೆ ಉಳಿದ ಎಂಬತ್ತು ಪುಟದ ಚಂದದ ಫೋಟೋಗಳನ್ನು ಸುಮ್ನೆ ನೋಡಬಹುದು, ಅಷ್ಟೇ. 'ಒಂದು ಅಂಗಿಗೆ ಇಷ್ಟು ಕಡಿಮೆ ಮಾಡಿದೆವು' ಅನ್ನುವ ಮಾತಿನಲ್ಲೂ ಹುಷಾರು. ಅಂಗಿಗಳ ಸಂಖ್ಯೆ ದುಪ್ಪಟ್ಟಾದರೆ ಒಟ್ಟು ಹೊಗೆ ಏರಿರುತ್ತದೆ.

ಇಲ್ಲೇ ಒಂದು ಮಾತು, ನಮ್ಮಂಥ ಭಾಷಣ ಮಾಡುವವರ ಬಗ್ಗೆ. 'ಜಗತ್ತಿನಲ್ಲಿ ಎರಡನೇ ಅತಿ ಹೆಚ್ಚು ಮಾಲಿನ್ಯದ ಉದ್ಯಮ ಫ್ಯಾಷನ್' ಅಂತ ನೀವು ಕೇಳಿರುತ್ತೀರಿ. ನಾನೂ ಒಂದು ಕಾಲದಲ್ಲಿ ವೇದಿಕೆ ಮೇಲೆ ಹೇಳಿದ್ದೇನೆ. ಅದರ ಮೂಲ ಹುಡುಕಿ ಹೋದ ಪತ್ರಕರ್ತರಿಗೆ ಮೂಲವೇ ಸಿಗಲಿಲ್ಲ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಫ್ಯಾಷನ್ನಿನ ಪಾಲು ಶೇ. 2 ಅಂತ ಒಂದು ಅಂದಾಜು, 4 ಅಂತ ಮತ್ತೊಂದು, 8 ಅಂತ ಇನ್ನೊಂದು. ಬ್ರಾಂಡಿಗೆ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನೂ ನೆಟ್ಟಗಿಟ್ಟುಕೊಳ್ಳಬೇಕಲ್ಲ.

ಬ್ರಾಂಡುಗಳಿಗೆ ಅಂಕ ಕೊಡುವ ರೇಟಿಂಗ್ ನೋಡಿದರೆ ಸಾಕಲ್ಲವೇ ಅಂತ ಕೇಳುತ್ತಾರೆ. ನೋಡಿ, ಶುರು ಮಾಡಲು ಒಳ್ಳೆಯ ಜಾಗ. ಆದರೆ ಅದು ಏನನ್ನು ಅಳೆಯುತ್ತಿದೆ ಅಂತ ಓದಿಕೊಳ್ಳಿ. ಫ್ಯಾಷನ್ ಟ್ರಾನ್ಸ್‌ಪರೆನ್ಸಿ ಇಂಡೆಕ್ಸ್ ಅಳೆಯುವುದು ಬ್ರಾಂಡು ಎಷ್ಟು ಮಾಹಿತಿ ಹೊರಗಿಟ್ಟಿದೆ ಅನ್ನುವುದನ್ನು. ಎಷ್ಟು ಒಳ್ಳೆಯದಾಗಿದೆ ಅನ್ನುವುದನ್ನಲ್ಲ. ಬಟ್ಟೆ ಪರಿಸರಕ್ಕೆ ಎಷ್ಟು ಹೊರೆ ಅಂತ ಅಳೆಯಲು ಉದ್ಯಮವೇ ಕಟ್ಟಿಕೊಂಡ ಹಿಗ್ ಇಂಡೆಕ್ಸಿನ ಅಂಕಿಗಳನ್ನು ಗ್ರಾಹಕರ ಮುಂದೆ ಪರಿಸರದ ಹೆಗ್ಗಳಿಕೆಯಾಗಿ ತೋರಿಸುವುದು ದಾರಿ ತಪ್ಪಿಸಿದಂತೆ ಅಂತ 2022ರಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರ ಹೇಳಿತು. ಗ್ರಾಹಕರಿಗೆ ಆ ಅಂಕಿ ತೋರಿಸುವ ಕಾರ್ಯಕ್ರಮವನ್ನು ಉದ್ಯಮದವರು ಆಗ ತಡೆಹಿಡಿದರು.

ಕೊನೆಗೆ ಯಾವ ಬ್ರಾಂಡೂ ಬಾಯಿಬಿಟ್ಟು ಹೇಳಲು ಇಷ್ಟಪಡದ ಸಂಖ್ಯೆ: ವರ್ಷಕ್ಕೆ ಎಷ್ಟು ಬಟ್ಟೆ ಮಾಡಿಸುತ್ತೀರಿ, ಅದರಲ್ಲಿ ಎಷ್ಟು ಮಾರಾಟವಾಗದೆ ಉಳಿಯುತ್ತದೆ? ಬ್ರಿಟನ್ನಿನ ದುಬಾರಿ ಬ್ರಾಂಡು ಬರ್ಬೆರಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾಲನ್ನು ನಾಶ ಮಾಡಿದ್ದು 2018ರಲ್ಲಿ ಬಯಲಾಯಿತು. ಗಲಾಟೆಯಾದ ಮೇಲೆ ಆ ಪದ್ಧತಿ ಬಿಟ್ಟಿತು. ಫ್ರಾನ್ಸ್ 2020ರ ಕಾನೂನಿನಲ್ಲಿ ಉಳಿದ ಮಾಲು ಸುಡುವುದನ್ನೇ ನಿಷೇಧಿಸಿತು. ಜನ ದಾನ ಕೊಟ್ಟು ಮರೆತ ಎಷ್ಟೋ ಬಟ್ಟೆಗಳು ಘಾನಾದ ಕಾಂಟಮಾಂಟೊ ಸಂತೆಗೆ ಮೂಟೆಮೂಟೆಯಾಗಿ ಹೋಗುತ್ತವೆ. ಮಾರಾಟವಾಗದ್ದು ಚರಂಡಿಗೆ, ಸಮುದ್ರದ ದಂಡೆಗೆ. ಬ್ರಾಂಡು ಎಷ್ಟೇ ಸಾವಯವ ಹತ್ತಿ ಕೊಳ್ಳಲಿ, ಬೇಕಾದ್ದಕ್ಕಿಂತ ಜಾಸ್ತಿ ಮಾಡಿಸಿದರೆ ಆ ಹತ್ತಿಯೂ ಅಲ್ಲಿಗೇ.

ಹೋದ ವರ್ಷ ನಾನು ತೊಡುವ ಅಂಗಿಯ ಬ್ರಾಂಡೊಂದಕ್ಕೆ ಮೇಲ್ ಬರೆದೆ. ಮೂರೇ ಪ್ರಶ್ನೆ. ಬಣ್ಣ ಹಾಕುವ ಘಟಕಗಳ ಪಟ್ಟಿ ಎಲ್ಲಿದೆ? ಮಾಲು ಕೈಗೆ ಬಂದು ಎಷ್ಟು ದಿನಕ್ಕೆ ಹಣ ಕೊಡುತ್ತೀರಿ? ಹೋದ ವರ್ಷ ಒಟ್ಟು ಎಷ್ಟು ಅಂಗಿ ಮಾಡಿಸಿದಿರಿ? ನಾಲ್ಕು ದಿನಕ್ಕೆ ಉತ್ತರ ಬಂತು. ಭೂಮಿಯ ಬಗ್ಗೆ ಅವರಿಗೆ ಎಷ್ಟು ಪ್ರೀತಿ ಅಂತ ಎರಡು ಪ್ಯಾರಾ, ಕೆಳಗೆ ಮುಂದಿನ ಖರೀದಿಗೆ ಶೇ. 10 ರಿಯಾಯಿತಿಯ ಕೂಪನ್. ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕಳಿಸಿದ್ದೇನೆ. ಈಗ ನೀವು ಕೇಳಿ.